ಟೇಲರ್ ಕಾಕುವಿನ ಎಕ್ಕಿ ಗಿಡ

ಅಫಜಲಪುರದ ನಮ್ಮ ಓಣಿಯ ಟೇಲರ್ ಕಾಕು ಅಂಗಳದಾಗ ತಂಗಡಿ, ಲಕ್ಕಿ, ಎಕ್ಕಿ ಗಿಡ ಬೆಳೆಸಿದ್ದರು. ಯಾಕಂತ ಕೇಳಿದರೆ, "ಬಸರಿ ಪಾತರಗಿತ್ತಿ ತತ್ತಿ ಇಡಾಕ ತವರಿಗೆ ಬರಬ್ಯಾಡೇನ್ರಿ?" ಅನ್ನೋರು. ಕಾಕುನಂಗ ಸೊಂಟಕ್ಕ ಕೈ ಹಚ್ಚಿ ನಾನದನ್ನ ಅಂದು ತೋರಿಸಿದರೆ ಓಣಿ ನಗತಿತ್ತು. ನನ್ನ ಕಡ್ಡಿ ಸೊಂಟ ನೋಡಿ ಇನ್ನೂ ಜಾಸ್ತಿ ನಗತಿತ್ತು.

ಒಂದಿನ ಕಾಕುವಿನ ಮಗಳನ್ನ ನೋಡಾಕ ಬಂದ ವರನ ತಾಯಿ ಅಂಗಳದಾಗೇ ನಿಂತರು. "ಎಕ್ಕಿ ಬೆಳದ ಮನಿ ಹಾಳು ಅಂತಾರ. ಮೊದಲ ಕಡಸ್ರಿ, ಆಮ್ಯಾಲ ಒಳಗ ಬರ್ತೇವಿ."

ಎಕ್ಕಿಯ ಎಲಿತುಂಬ ಪಾತರಗಿತ್ತಿಯ ಪಟ್ಟಿಪಟ್ಟಿ ಮರಿಹುಳ. ಕಾಕು ಮಗಳ ಮುಖ ನೋಡಿದರು. ಅವಳು ಬಂದವರ ಕಾಲಿಗೆಂದು ತಂದಿದ್ದ ತಂಬಿಗಿ ನೀರನ್ನ ಎಕ್ಕಿ ಬಡ್ಡಿಗೆ ಸುರಿದು, "ಬಾಣಂತನ ನಡದದ್ರಿ, ಕಡಿಯಾಕ ಬರಂಗಿಲ್ಲ," ಅಂದಳು.

ಕಾಕು ಕೊರಳಿನ ಟೇಪು ಸರಿ ಮಾಡಿಕೊಂಡು ಎದಿ ಉಬ್ಬಿಸಿದರು. "ನೋಡಾಕ ಬಂದಿದ್ರಲ್ಲ, ನೋಡ್ರಿ. ಇಕಿನೇ ನನ್ನ ಮಗಳು."