ತಪ್ಪಿಗೆ ಇಬ್ಬರು ವಾರಸುದಾರರು

ಕುರುಗೋಡಿನ ಗಂಗಮ್ಮನಿಗೆ ಒಂದು ರೂಢಿ. ಬೇರೆಯವರು ಕಾಲು ತುಳಿದರೂ ಆಕೆಯೇ “ನಂದ ತಪ್ಪ್ರೀ” ಅನ್ನುತ್ತಿದ್ದಳು. ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ಬಸ್ಸಿನಿಂದ ಇಳಿಯುವಾಗ ಬಿದ್ದು ಬಲಗೈ ಮುರಿದುಕೊಂಡ ಆಕೆ, ನಾನು ಟೈಪಿಸ್ಟಾಗಿದ್ದ ಬ್ರೂಸ್‌ಪೇಟೆಯ ವಕೀಲರ ಆಫೀಸಿಗೆ ಬಂದಳು.

“ನೋಡವ್ವಾ, ಬಿದ್ದವರದು ಎಳ್ಳಷ್ಟು ತಪ್ಪಿದ್ರೂ ಕೋರ್ಟು ಪರಿಹಾರ ಕೊಡೂದಿಲ್ಲ. ನೀ ಸುಮ್ನ ಕುಂದ್ರು,” ಎಂದು ವಕೀಲರು ಎಚ್ಚರಿಸಿದರು. ಹತ್ತಿ ಬಿಡಿಸಿ ಬದುಕುವ ಆಕೆಗೆ ಆ ಕೈ ಬಿಟ್ಟರೆ ಬೇರೆ ಆಸ್ತಿ ಇರಲಿಲ್ಲ.

ರಾಜಿ ಮಾತಿಗೆ ಬಸ್ಸಿನ ಮಾಲೀಕರು ಡ್ರೈವರ್ ಹುಸೇನಪ್ಪನನ್ನೂ ಕರೆತಂದರು. ಕಟ್ಟು ಹಾಕಿದ ಕೈ ಕಂಡು ಅವನ ಮುಖ ಬಾಡಿತು. ಗಂಗಮ್ಮನಿಗೆ ಅಷ್ಟೇ ಸಾಕಾಯಿತು.

“ಯಾಕ ಕೊರಗ್ತೀಯಪಾ? ನಂದ ತಪ್ಪು. ಲಗೂನ ಇಳೀಬೇಕಿತ್ತು.”

ನಮ್ಮ ವಕೀಲರು ಹಣೆ ಹಿಡಿದುಕೊಂಡರು. ಮಾಲೀಕರು ನಕ್ಕರು.

“ಇಲ್ಲಬೇ ಯವ್ವಾ,” ಎಂದ ಹುಸೇನಪ್ಪ. “ಹಿಂದ ನೋಡದ ಗಾಡಿ ಬಿಟ್ಟಾವ ನಾನು.”

“ನಂದಪಾ.”

“ಸುಮ್ನಿರಬೇ! ನಿನ್ನ ಕಾಲು ಇನ್ನೂ ಮೆಟ್ಟಿಲ ಮ್ಯಾಗಿತ್ತು!”

ಮಾಲೀಕರ ನಗು ನಿಂತಿತು. ಒಬ್ಬರ ಮೇಲೊಬ್ಬರು ತಪ್ಪು ಹೊರಿಸುವುದನ್ನೇ ದಿನವೂ ಟೈಪು ಮಾಡುತ್ತಿದ್ದ ನಾನು, ತಪ್ಪು ತನ್ನದೇ ಎಂದು ಕಿತ್ತಾಡುವವರನ್ನು ಕಂಡು ತಲೆ ತಗ್ಗಿಸಿ ನಕ್ಕೆ. ಆಕೆಯದು ಎಳ್ಳಷ್ಟೂ ತಪ್ಪಿಲ್ಲವೆಂದು ಡ್ರೈವರನೇ ಒಪ್ಪಿದ ಮೇಲೆ ವಾದವೇನು ಉಳಿಯಿತು? ಸಂಜೆಯೊಳಗೆ ಮಾಲೀಕರು ಪರಿಹಾರ ಕೊಟ್ಟರು.

ಹೊರಡುವ ಮುಂಚೆ ಗಂಗಮ್ಮ ನನ್ನ ಮೇಜಿಗೆ ಬಂದು ಮೆಲ್ಲಗೆ ಕೇಳಿದಳು: “ತಂಗೆವ್ವಾ, ಆ ಹುಡುಗನ್ನ ಕೆಲಸದಿಂದ ತೆಗೀಬ್ಯಾಡ್ರಿ ಅಂತ ಮಾಲಕರಿಗೆ ಒಂದು ಕಾಗದ ಬರೀತೀಯೇನು? ಇಂಗ್ಲಿಷಿನ್ಯಾಗ ಬರಿ, ದೊಡ್ಡೋರು ಅಂಜ್ತಾರ.”