ಮೂರು ಹದಿನೆಂಟು

ಸೂಜಿಗೆ ದಾರ ಪೋಣಿಸುವುದು ಇನ್ನು ನನ್ನಿಂದಾಗದು ಎಂದು ಟೈಲರಮ್ಮನ ಕಣ್ಣು ಹಟ ಹಿಡಿದಾಗ ಅವಳಿಗೆ ನಲವತ್ತನಾಲ್ಕು. ಇಪ್ಪತ್ತೆರಡು ವರ್ಷ ಒಂದೇ ಕಿಟಕಿಯ ಪಕ್ಕ, ಒಂದೇ ಮಿಷನ್ನಿನ ಮುಂದೆ ಕೂತು ಬೀದಿಯ ಅರ್ಧ ಹೆಂಗಸರ ಬಟ್ಟೆ ಹೊಲಿದವಳು. ಕನ್ನಡಕ ಬದಲಿಸಿದಳು, ಬಲ್ಬು ಬದಲಿಸಿದಳು, ಕೊನೆಗೆ ಕೆಲಸವನ್ನೇ ಬದಲಿಸಬೇಕಾಯಿತು. ನರ್ಸಿಂಗ್ ಅಸಿಸ್ಟೆಂಟ್ ತರಬೇತಿಯ ಅರ್ಜಿಯನ್ನು ನಾದಿನಿ ತಂದುಕೊಟ್ಟಳು. ಎರಡು ತಿಂಗಳು ಪಾಠ, ಎರಡು ತಿಂಗಳು ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸ, ಆಮೇಲೆ ಸರ್ಟಿಫಿಕೇಟು. ಮನೆಯಲ್ಲಿ ತನಗೆ ಜ್ವರ ಬಂದರೆ ಒಂದು ಲೋಟ ನೀರು ಕೊಡದವಳು ಊರವರ ಸೇವೆಗೆ ಹೊರಟಿದ್ದಾಳೆಂದು ಗಂಡ ಹಂಗಿಸಿದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಪಾಠ ಹೇಳುವ, ಆರೈಕೆ ಕೇಂದ್ರವನ್ನೂ ನೋಡಿಕೊಳ್ಳುವ ಸಿಸ್ಟರ್ ಇವಳಿಗಿಂತ ಹದಿನೈದು ವರ್ಷ ಚಿಕ್ಕವಳು, ಆದರೆ ಬಲು ಖಡಕ್ಕು. ಹಾಸಿಗೆಯ ಚಾದರವನ್ನು ಮೂಲೆಯಲ್ಲಿ ಮಡಿಚುವ ಕೆಲಸದಲ್ಲಿ ಟೈಲರಮ್ಮನನ್ನು ಮೀರಿಸುವವರಿರಲಿಲ್ಲ. ಹುಡುಗಿಯರೆಲ್ಲ ಬಂದು ನೋಡಿ ಕಲಿಯಬೇಕೆಂದು ಸಿಸ್ಟರ್ ಕರೆದು ತೋರಿಸಿದ ದಿನ ಅವಳು ನೆಲದ ಮೇಲೆ ನಡೆಯಲಿಲ್ಲ.

ಮೂರನೇ ವಾರ ಉಸಿರು ಎಣಿಸುವ ಪಾಠ. ಜ್ವರ, ನಾಡಿ, ಬಿಪಿ ಇವನ್ನೆಲ್ಲ ಯಂತ್ರ ಹೇಳುತ್ತದೆ, ಉಸಿರನ್ನು ಮಾತ್ರ ಮನುಷ್ಯರೇ ಎಣಿಸಬೇಕು ಎಂದಳು ಸಿಸ್ಟರ್. ವಯಸ್ಸಾದವರ ಎದೆಗೆ ಕಾಯಿಲೆ ಇಳಿದರೆ ಎಷ್ಟೋ ಸಲ ಜ್ವರವೇ ಬರುವುದಿಲ್ಲ, ಉಸಿರೇ ಮೊದಲು ಏರುತ್ತದೆ. ಆದರೆ ಎಣಿಸುತ್ತಿದ್ದೇವೆಂದು ಗೊತ್ತಾದರೆ ಅವರ ಉಸಿರಿನ ಲಯವೇ ಬದಲಾಗಿಬಿಡುತ್ತದೆ. ಅದಕ್ಕೇ ನಾಡಿ ನೋಡುವವರ ಹಾಗೆ ಮಣಿಕಟ್ಟು ಹಿಡಿದು, ಕಳ್ಳಗಣ್ಣಿನಲ್ಲಿ ಎದೆಯ ಏರಿಳಿತ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಬೇಕು. ಒಳ್ಳೆಯದಕ್ಕೆ ಮಾಡುವ ಸಣ್ಣ ಮೋಸ.

ಆರೈಕೆ ಕೇಂದ್ರದಲ್ಲಿ ಆ ಸಣ್ಣ ಮೋಸಕ್ಕೆ ಎಲ್ಲರಿಗಿಂತ ಚೆನ್ನಾಗಿ ಸಿಕ್ಕಿಬಿದ್ದವಳು ಟಪಾಲಜ್ಜಿ. ಮೂವತ್ತೈದು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತಿದ್ದ ಮುದುಕಿ. ಬೆಳಿಗ್ಗೆ ಟೈಲರಮ್ಮ ಬಂದು ಮಣಿಕಟ್ಟು ಹಿಡಿದರೆ ಅಜ್ಜಿ ತನ್ನ ಇನ್ನೊಂದು ಕೈಯನ್ನೂ ತಂದು ಅದರ ಮೇಲಿಡುತ್ತಿದ್ದಳು. ಪಕ್ಕದ ಹಾಸಿಗೆಯವಳಿಗೆ, ಈ ಹುಡುಗಿ ದಿನಾ ಬಂದು ಒಂದು ನಿಮಿಷ ನನ್ನ ಕೈ ಹಿಡಿದು ಕೂರುತ್ತಾಳೆ, ಹೆತ್ತ ಮಕ್ಕಳೂ ಹೀಗೆ ಕೂತಿಲ್ಲ ಎಂದು ಹೇಳಿಕೊಳ್ಳುತ್ತಿದ್ದಳು. ನಲವತ್ತನಾಲ್ಕರ ಹುಡುಗಿಗೆ ಆಗ ಕೊಂಚ ಮುಜುಗರವಾಗುತ್ತಿತ್ತು, ಅಷ್ಟೇ.

ಕೇಂದ್ರದಲ್ಲಿನ ಎರಡನೇ ತಿಂಗಳ ಒಂದು ವಾರ ಕೆಲಸದವರಿಬ್ಬರು ಒಟ್ಟಿಗೇ ರಜೆ ಹಾಕಿದರು. ಟೈಲರಮ್ಮನ ಪಾಲಿಗೆ ಆರು ಹಾಸಿಗೆಯ ಬದಲು ಹನ್ನೊಂದು ಬಂದವು. ಎಂಟು ಗಂಟೆಯೊಳಗೆ ಎಲ್ಲರ ಮೈ ಒರೆಸಿ, ಚಾದರ ಬದಲಿಸಿ, ಚಾರ್ಟು ತುಂಬಿ ಕೊಡಬೇಕು. ಹೊತ್ತಿಗೆ ಸರಿಯಾಗಿ ಮುಗಿಸುವುದಕ್ಕೂ ಸರ್ಟಿಫಿಕೇಟಿನಲ್ಲಿ ಅಂಕ. ಹನ್ನೆರಡು ವರ್ಷದಿಂದ ಅಲ್ಲೇ ದುಡಿಯುತ್ತಿದ್ದ ಹಳೇ ಅಕ್ಕ ಇವಳು ಗಡಿಯಾರ ನೋಡುತ್ತ ನಿಂತಿದ್ದನ್ನು ಕಂಡು ನಕ್ಕಳು.

"ಉಸಿರನ್ನ ಯಾರಾದ್ರೂ ಎಣಿಸ್ತಾರೇನೆ? ಬದುಕಿರೋರಿಗೆಲ್ಲ ಹದಿನೆಂಟು. ಸತ್ತೋರಿಗೆ ಸೊನ್ನೆ. ಬರೆದು ಮುಂದೆ ನಡಿ."

ಟೈಲರಮ್ಮ ಬರೆದಳು. ಮೊದಲ ದಿನ ಕೈ ಅಳುಕಿತು, ಎರಡನೆಯ ದಿನ ಅಳುಕಲಿಲ್ಲ, ಮೂರನೆಯ ದಿನ ಬಾಗಿಲಲ್ಲೇ ನಿಂತು ಬರೆದುಬಿಟ್ಟಳು. ಹನ್ನೊಂದು ಜನಕ್ಕೂ ಹದಿನೆಂಟು. ಕೆಟ್ಟ ಕೆಲಸ ಎಷ್ಟು ಬೇಗ ರೂಢಿಯಾಗುತ್ತದೆಂದು ಕೇಳಬೇಕಾದರೆ ಅವಳನ್ನೇ ಕೇಳಬೇಕು.

ನಾಲ್ಕನೆಯ ದಿನ ಬೆಳಿಗ್ಗೆ ಟಪಾಲಜ್ಜಿಯ ತುಟಿ ನೀಲಿಗಟ್ಟಿತ್ತು. ಸಿಸ್ಟರ್ ಓಡಿ ಬಂದು ಎಣಿಸಿದಳು, ಮೂವತ್ತನಾಲ್ಕು. ಆಂಬುಲೆನ್ಸ್ ಬಂತು. ಜೊತೆಗೆ ಕಳಿಸಲು ಚಾರ್ಟು ತೆಗೆದು ನೋಡಿದ ಸಿಸ್ಟರ್, ನಿನ್ನೆಯವರೆಗೂ ಸರಿಯಾಗಿಯೇ ಇದೆ, ರಾತ್ರಿ ಕಳೆಯುವುದರೊಳಗೆ ಏರಿದೆ ಎಂದು ಡಾಕ್ಟರಿಗೆ ಫೋನಿನಲ್ಲಿ ಹೇಳಿದಳು. ಮೂರು ಹದಿನೆಂಟು ಒಂದರ ಕೆಳಗೊಂದು ಮುದ್ದಾಗಿ ಕೂತಿದ್ದವು. ಅವನ್ನು ಬರೆದವಳು ಬಾಯಿ ಬಿಚ್ಚಲಿಲ್ಲ.

ಆಮೇಲಿನ ಹನ್ನೆರಡು ದಿನ ಅವಳು ಪಟ್ಟ ಪಾಡು ಅವಳಿಗೇ ಗೊತ್ತು. ಹತ್ತು ವರ್ಷದಿಂದ ಹೊಲಿಸುತ್ತಿದ್ದ ಗಿರಾಕಿ ಬಂದು ಹಳೇ ಅಳತೆಯೇ ಇರಲಿ ಎಂದರೂ ಟೇಪು ಹಿಡಿಯದೆ ಬಟ್ಟೆಗೆ ಕತ್ತರಿ ಹಾಕಿದವಳಲ್ಲ. ರವಿಕೆ ಬಿಗಿಯಾದೀತೆಂದು ಅಷ್ಟು ಹೆದರುತ್ತಿದ್ದವಳು ಒಂದು ಜೀವದ ಅಳತೆಯನ್ನು ಕಣ್ಣಂದಾಜಿನಲ್ಲೂ ಅಲ್ಲ, ಕಣ್ಣೇ ಹಾಯಿಸದೆ ಬರೆದಿದ್ದಳು. ಈಗ ಕಂಡಕಂಡವರ ಉಸಿರನ್ನೆಲ್ಲ ಎಣಿಸತೊಡಗಿದಳು. ಬಸ್ಸಿನಲ್ಲಿ ತೂಕಡಿಸುವವನಿಗೆ ಹದಿನಾಲ್ಕು, ಭಾನುವಾರ ಮಧ್ಯಾಹ್ನ ಗೊರಕೆ ಹೊಡೆಯುವ ಗಂಡನಿಗೆ ಹದಿನಾರು, ಅಂಗಡಿ ಮುಂದಿನ ನಾಯಿಗೆ ಇಪ್ಪತ್ತಮೂರು. ಹದಿನೆಂಟು ಒಬ್ಬರಿಗೂ ಬರಲಿಲ್ಲ. ಸಿಸ್ಟರ್ ಯಾರನ್ನು ಕರೆದರೂ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ಇವಳೇ ಬೆಚ್ಚುತ್ತಿದ್ದಳು. ಹೇಳಿದರೆ ಸರ್ಟಿಫಿಕೇಟು ಹೋಗುತ್ತದೆ, ಹೇಳದಿದ್ದರೆ ಈ ಎಣಿಕೆ ನಿಲ್ಲುವುದಿಲ್ಲ.

ಹದಿಮೂರನೆಯ ದಿನ ಅಜ್ಜಿ ವಾಪಸ್ಸು ಬಂದಳು. ಮೂಗಿಗೆ ಆಕ್ಸಿಜನ್ ನಳಿಕೆ, ಮೈ ಅರ್ಧಕ್ಕಿಳಿದಿತ್ತು. ಇನ್ನು ಎದ್ದು ಓಡಾಡುವುದು ಕಷ್ಟವೆಂದು ಡಾಕ್ಟರು ಬರೆದಿದ್ದರು. ಟೈಲರಮ್ಮ ಹತ್ತಿರ ಹೋಗಿ ಮಣಿಕಟ್ಟು ಹಿಡಿದಳು. ಅಜ್ಜಿ ಅವಳ ಮುಖ ನೋಡಿದಳು.

"ಕೋಪ ಹೋಯ್ತೇನಮ್ಮ?"

ಯಾವ ಕೋಪವೆಂದು ಇವಳಿಗೆ ತಿಳಿಯಲಿಲ್ಲ.

"ಮೂರು ದಿನ ನೀನು ಕೈ ಹಿಡಿಲೇ ಇಲ್ಲ. ಅದರ ಹಿಂದಿನ ದಿನ ಹಾಸಿಗೆ ಒದ್ದೆ ಮಾಡಿಬಿಟ್ಟಿದ್ನಲ್ಲ, ಅದಕ್ಕೆ ಬೇಜಾರಾಗಿರ್ಬೇಕು ಅಂದ್ಕೊಂಡೆ. ಎದೆ ಬಿಗಿಯೋದು. ಹೇಳೋಣ ಅನ್ಸೋದು. ಮೊದಲೇ ಬೇಜಾರಾಗಿರೋರಿಗೆ ಇನ್ನೂ ಯಾಕೆ ತೊಂದರೆ ಕೊಡೋದು ಅಂತ ಸುಮ್ನಾದೆ."

ಆವತ್ತು ಟೈಲರಮ್ಮ ಎಣಿಸುವಾಗ ಮೂರು ಸಲ ತಪ್ಪಿದಳು. ನಾಲ್ಕನೆಯ ಸಲ ಸರಿಯಾಗಿ ಇಪ್ಪತ್ತೆರಡು ಎಂದು ಬರೆದು, ನೆಟ್ಟಗೆ ಸಿಸ್ಟರ್ ಕೋಣೆಗೆ ಹೋಗಿ, ಆ ಮೂರು ಹದಿನೆಂಟನ್ನೂ ತಾನೇ ಹುಟ್ಟಿಸಿ ಬರೆದದ್ದೆಂದು ಹೇಳಿಬಿಟ್ಟಳು. ಹಳೇ ಅಕ್ಕನ ಮಾತನ್ನು ಎತ್ತಲಿಲ್ಲ. ಬರೆದ ಕೈ ತನ್ನದು.

ಮೂರು ದಿನ ಮೊದಲೇ ಗೊತ್ತಾಗಿದ್ದರೆ ಮಾತ್ರೆಯಲ್ಲೇ ಮುಗಿಯುತ್ತಿತ್ತೇನೋ ಎಂದಳು ಸಿಸ್ಟರ್. ನಡೆದದ್ದನ್ನು ಮೇಲಿನವರಿಗೆ ಬರೆಯಲೇಬೇಕು, ಸರ್ಟಿಫಿಕೇಟು ಈ ಸಲ ಇಲ್ಲ, ಅವರು ಒಪ್ಪಿದರೆ ಮತ್ತೆ ಮೊದಲಿಂದ ನಾಲ್ಕು ತಿಂಗಳು ಎಂದಳು. ಟೈಲರಮ್ಮ ಎಲ್ಲಕ್ಕೂ ತಲೆಯಾಡಿಸಿದಳು. ನಿಜ ಹೇಳಬೇಕೆಂದರೆ ಶಿಕ್ಷೆ ಸಾಲದೆಂದೇ ಅವಳಿಗನಿಸಿತು.

"ಅಜ್ಜಿಗೆ ಹೇಳಿದ್ರಾ?" ಎಂದು ಕೇಳಿದಳು ಸಿಸ್ಟರ್.

"ಇಲ್ಲ. ನಾನು ಕೋಪ ಮಾಡ್ಕೊಂಡಿದ್ದೆ ಅಂದ್ಕೊಂಡಿದಾರೆ."

"ಅವರಿಗೆ ನೀವೇ ಹೇಳ್ಬೇಕು."

ಟೈಲರಮ್ಮ ಹೋಗಿ ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಅಜ್ಜಿಯ ಕೈ ಹಿಡಿದು ಕೂತಳು. ಅಜ್ಜಿ ಆಗಲೇ ಅವಳನ್ನು ಕ್ಷಮಿಸಿಯಾಗಿತ್ತು. ಇಷ್ಟೊಂದು ಮುದುಕಿಯರನ್ನು ಒಬ್ಬಳೇ ಸಂಭಾಳಿಸುವವಳಿಗೆ ಕೋಪ ಬರದೆ ಇರುತ್ತದೆಯೇ ಎಂದು ಪಕ್ಕದ ಹಾಸಿಗೆಯವಳಿಗೆ ಇವಳ ಪರವಾಗಿ ವಕಾಲತ್ತು ನಡೆಸುತ್ತಿದ್ದಳು. ಮಾಡದ ತಪ್ಪಿಗೆ ಸಿಕ್ಕ ಆ ಕ್ಷಮೆಯನ್ನು ಇಟ್ಟುಕೊಂಡು ಎದ್ದುಬಿಡೋಣವೆಂದು ಒಂದು ಗಳಿಗೆ ಆಸೆಯಾಯಿತು.

"ಅಜ್ಜಿ, ನಾನು ದಿನಾ ಕೈ ಹಿಡಿತಿದ್ದದ್ದು ಉಸಿರು ಎಣಿಸೋಕೆ. ಅದು ನಮ್ಮ ಕೆಲಸ. ಆ ಮೂರು ದಿನ ಎಣಿಸ್ಲಿಲ್ಲ. ಸುಮ್ನೆ ಒಂದು ಲೆಕ್ಕ ಬರೆದುಬಿಟ್ಟೆ. ನೀವು ಹೀಗಾಗಿದ್ದು ನನ್ನಿಂದ."

ಅಜ್ಜಿ ಸೂರನ್ನೇ ನೋಡುತ್ತ ಮಲಗಿದ್ದಳು.

"ಹಾಗಾದ್ರೆ ನಿಂಗೆ ನನ್ ಮೇಲೆ ಕೋಪ ಇರ್ಲಿಲ್ವಾ?"

"ಇಲ್ಲ ಅಜ್ಜಿ. ಖಂಡಿತ ಇರ್ಲಿಲ್ಲ."

ಅಜ್ಜಿ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಹೊದಿಕೆಯೊಳಗೆ ಎಳೆದುಕೊಂಡಳು.

"ಕೋಪ ಇದ್ದಿದ್ರೇ ಚೆನ್ನಾಗಿತ್ತು ಕಣಮ್ಮ" ಎಂದಳು.