ಸವೆದ ಮೂಗಿನ ಮೇಲಿನ ಬೆಳ್ಳಿ

ಹಳೆಯ ನಾಣ್ಯ ಮಾರುವವರ ಓಣಿಯಲ್ಲಿ ಅವಳಿಗೆ ಭೂತಗನ್ನಡಿ ಎಂದೇ ಹೆಸರು. ಎದುರಿಗೆ ‘ಅಕ್ಕಾ’ ಎಂದು ಹಲ್ಲು ಕಿರಿಯುವವರೂ ಬೆನ್ನ ಹಿಂದೆ ಹಾಗೇ ಆಡಿಕೊಳ್ಳುತ್ತಿದ್ದರು. ಅದಕ್ಕೆ ಅವಳ ಕಣ್ಣು ಎಷ್ಟು ಕಾರಣವೋ ನಾಲಿಗೆಯೂ ಅಷ್ಟೇ ಕಾರಣ. ಗಿರಾಕಿ ಹತ್ತಿಯಲ್ಲಿ ಸುತ್ತಿ ಜೋಪಾನವಾಗಿ ತಂದ ನಾಣ್ಯವನ್ನು ಬೆಳಕಿಗೆ ಹಿಡಿದು, “ಮುದುಕಿಗೆ ಪೌಡರ್ ಬಳಿದಿದ್ದಾರೆ. ಮಕ್ಕಳಿಗೆ ಆಡೋಕೆ ಕೊಡಿ” ಎಂದು ಮುಖಕ್ಕೆ ಹೊಡೆದಂತೆ ಹೇಳಿಬಿಡುತ್ತಿದ್ದಳು.

ಎದುರಿನ ಅಂಗಡಿ ಅವಳ ಅಣ್ಣನದು. ಅಪ್ಪ ಸಾಯುವ ಮೊದಲು ವ್ಯಾಪಾರವನ್ನು ಇಬ್ಬರಿಗೂ ಹಂಚಿದ್ದ. ಆದರೆ ಮನೆತನದ ಹೆಮ್ಮೆಯಂತಿದ್ದ ಒಂದು ನಾಣ್ಯವನ್ನು ಮಗನಿಗೇ ಕೊಟ್ಟ. ಅದು ತಾಮ್ರದ್ದು, ಟಂಕಸಾಲೆಯಲ್ಲೇ ತೆಳುವಾಗಿ ಬೆಳ್ಳಿ ಹೊದಿಸಿದ್ದು, ಮೇಲೆ ಯಾರೋ ರಾಜನ ಮುಖ. ಮಗಳು ಕೇಳಿದ್ದಕ್ಕೆ, “ನಿಂಗೆ ಕೆಲಸ ಕಲಿಸಿದೀನಲ್ಲ, ಸಾಕು” ಎಂದಿದ್ದ. ಅಂದಿನಿಂದ ಅಣ್ಣತಂಗಿ ಎಣ್ಣೆ ಸೀಗೆಕಾಯಿ. ಅವನು ಬೆಳಿಗ್ಗೆ ಕಸ ಗುಡಿಸಿ ಓಣಿಯ ನಡುವಿಗೆ ತಳ್ಳಿದರೆ, ಇವಳು ಪೊರಕೆ ಹಿಡಿದು ಅದನ್ನು ಅವನ ಮೆಟ್ಟಿಲಿಗೇ ವಾಪಸ್ ಮುಟ್ಟಿಸುತ್ತಿದ್ದಳು.

ಒಂದು ದಿನ ಪರ ಊರಿನ ಹರಾಜುಗಾರನೊಬ್ಬ ಅಸಲಿ ನಕಲಿ ನೋಡಿಸಲೆಂದು ಅವಳ ಬಳಿ ಕೆಲವು ನಾಣ್ಯ ತಂದ. ಅದರಲ್ಲಿ ಅಪ್ಪನ ನಾಣ್ಯವೂ ಇತ್ತು. ಅಣ್ಣ ಅದನ್ನು ಮಾರಲು ಹೊರಟಿದ್ದ! ಹರಾಜುಗಾರನಿಗೆ ಇವರ ನಂಟು ತಿಳಿಯದು. ಅವಳು ಏನೂ ಆಗದವಳಂತೆ ಮಸೂರ ಎತ್ತಿಕೊಂಡಳು. ಅಪ್ಪ ದೂರದಿಂದಷ್ಟೇ ತೋರಿಸುತ್ತಿದ್ದ ಅದು, ಅಷ್ಟು ವರ್ಷಗಳಲ್ಲಿ ಅವಳ ಕೈಗೆ ಬಂದದ್ದೇ ಮೊದಲ ಸಲ.

ಕೈಯಿಂದ ಕೈಗೆ ಓಡಾಡಿದ ನಾಣ್ಯದಲ್ಲಿ ಬೆಳ್ಳಿ ಮೊದಲು ಹೋಗುವುದು ಉಬ್ಬಿದ ಜಾಗದಲ್ಲಿ. ಮೂಗು ಸವೆದಿದ್ದರೆ ಅಲ್ಲಿ ತಾಮ್ರ ಕೆಂಪಗೆ ಇಣುಕಬೇಕು. ಈ ರಾಜನ ಮೂಗು ಸವೆದು ಚಪ್ಪಟೆಯಾಗಿತ್ತು. ಆದರೂ ಅದರ ಮೇಲೆ ಬೆಳ್ಳಿ ಕೆನೆಯ ಹಾಗೆ ಹರಡಿತ್ತು. ಕೆನ್ನೆಯ ಹಳೆಯ ಗೀರಿನ ತಳದಲ್ಲೂ ಬೆಳ್ಳಿ. ಸವೆದ ಮೇಲೆ ಯಾರೋ ಮತ್ತೆ ಲೇಪ ಹಾಕಿಸಿದ್ದರು.

ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮರುಗಳಿಗೆಯೇ ಆ ಸಂತೋಷದ ಮೇಲೆಯೇ ಗುಮಾನಿ ಹುಟ್ಟಿತು. ತನ್ನ ಹಗೆಯೇ ಹೀಗೆ ಕಾಣಿಸುತ್ತಿದ್ದರೆ? “ಇದು ಇಲ್ಲೇ ಇರಲಿ, ನಾಳೆ ಬನ್ನಿ” ಎಂದು ಹರಾಜುಗಾರನನ್ನು ಕಳಿಸಿದಳು.

ಮರುದಿನ ಕಿಟಕಿಯ ಬಿಸಿಲಿನಲ್ಲಿ ಕೂತು, ಅಣ್ಣನ ಪರ ವಕೀಲಿ ಮಾಡುವವಳಂತೆ ತನ್ನ ಮಾತಿಗೆ ತಾನೇ ಅಡ್ಡಮಾತು ಹಾಕುತ್ತ ಮತ್ತೆ ನೋಡಿದಳು. ಅಂಚಿನಲ್ಲಿ, ಹಳೆಯ ಸವಕಲಿಗೆ ಸರಿಯಾಗಿ ಅಂಟದೆ, ಲೇಪ ಸಣ್ಣ ಬೊಕ್ಕೆಯಂತೆ ಎದ್ದಿತ್ತು. ಇನ್ನು ವಕೀಲಿಗೆ ಜಾಗವಿರಲಿಲ್ಲ.

“ಮೇಲಿನ ಬೆಳ್ಳಿ ಆಮೇಲೆ ಹಾಕಿಸಿದ್ದು,” ಎಂದಳು ಹರಾಜುಗಾರನಿಗೆ. “ಆದರೆ ಒಂದು ಮಾತು. ಇದರ ಯಜಮಾನ ನನ್ನಣ್ಣ. ನಮಗಿಬ್ಬರಿಗೂ ಆಗಿಬರಲ್ಲ. ಬೇರೆ ಯಾರಿಗಾದರೂ ತೋರಿಸಿ.”

ಅವನು ತೋರಿಸಿದ. ಅಲ್ಲಿಯೂ ಅದೇ ಮಾತು ಬಂತು. ನಾಣ್ಯ ವಾಪಸ್ ಬಂದ ದಿನ ಅಣ್ಣ ಅದನ್ನು ಮುಷ್ಟಿಯಲ್ಲಿ ಹಿಡಿದು ಓಣಿ ದಾಟಿ ಬಂದ.

“ಹೊಟ್ಟೆಕಿಚ್ಚಿನವಳೇ! ನನ್ನ ಮಾನಾನೇ ಹರಾಜಿಗೆ ಹಾಕಿದೆಯಲ್ಲ!”

“ಇನ್ನೊಬ್ಬನೂ ಅದನ್ನೇ ಹೇಳಿದನಲ್ಲ, ಅವನಿಗೂ ಹೊಟ್ಟೆಕಿಚ್ಚಾ?”

“ಅವನ ಕಿವಿ ಊದಿದ್ದೂ ನೀನೇ!”

ಅವಳು ಮಸೂರವನ್ನು ಅವನ ಎದುರಿಗೆ ತಳ್ಳಿದಳು. “ಬಾಯಿ ಮುಚ್ಚಿಕೊಂಡು ಮೂಗು ನೋಡು.”

ಅವನೂ ಅದೇ ಕಸುಬಿನವನು. ಬಗ್ಗಿ ಮೂಗು ನೋಡಿದ, ಕೆನ್ನೆಯ ಗೀರು ನೋಡಿದ, ಅಂಚು ತಿರುಗಿಸಿ ನೋಡಿದ. ಅಪ್ಪ ಕೊಟ್ಟದ್ದನ್ನು ಒರೆಗೆ ಹಚ್ಚಬೇಕೆಂದು ಅವನಿಗೆ ಎಂದೂ ಹೊಳೆದಿರಲಿಲ್ಲ.

“ನಾನು ಹಾಕಿಸಿದ್ದಲ್ಲ,” ಎಂದ. ದನಿ ಇಳಿದಿತ್ತು.

“ಗೊತ್ತು. ಈ ಲೇಪವೂ ಮಂಕಾಗಿದೆ. ನೀನು ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದ ಕಾಲದ್ದು.”

“ಹಾಗಾದ್ರೆ ಅಪ್ಪ ಮೋಸ ಹೋಗಿದ್ರಾ?”

“ಮೊದಲು ಮೂಗು ನೋಡು ಅಂತ ನಂಗೆ ಹೇಳಿಕೊಟ್ಟೋರು ಯಾರು?”

ಮಾತು ಬಾಯಿಂದ ಹೊರಬಿದ್ದ ಮೇಲೆಯೇ ಅದರ ಅರ್ಥ ಅವಳಿಗೂ ತಟ್ಟಿತು. ಅಪ್ಪನ ಕಣ್ಣಿಗೆ ಇದು ತಪ್ಪಿರಲು ಸಾಧ್ಯವೇ ಇಲ್ಲ. ಎಲ್ಲ ತಿಳಿದೂ ಜಂಬ ಕೊಚ್ಚಿಕೊಂಡಿದ್ದ. ತಿಳಿದೂ ಮಗನ ಕೈಗೆ ಹಾಕಿದ್ದ. ಅದಕ್ಕಾಗಿ ಮಕ್ಕಳು ಕಚ್ಚಾಡುವುದನ್ನು ಹಾಸಿಗೆಯಲ್ಲಿ ಮಲಗಿ ಕೇಳಿಸಿಕೊಂಡಿದ್ದ. ಬೈಯಬೇಕೆಂದರೆ ಬೈಸಿಕೊಳ್ಳಲು ಆತ ಇರಲಿಲ್ಲ.

“ಕೂತ್ಕೋ,” ಎಂದಳು.

“ನಿನ್ನ ಅಂಗಡೀಲಿ ಕೂರೋ ಗತಿ ನಂಗಿನ್ನೂ ಬಂದಿಲ್ಲ,” ಎಂದು ಅಣ್ಣ ನಾಣ್ಯವನ್ನು ಜೇಬಿಗೆ ಸೇರಿಸಿ ಹೊರಟುಹೋದ.

ಈಗಲೂ ಅವರಿಬ್ಬರಿಗೆ ಮಾತಿಲ್ಲ. ಆದರೆ ಅನುಮಾನದ ನಾಣ್ಯ ಬಂದಾಗಲೆಲ್ಲ ಅಣ್ಣ ಗಿರಾಕಿಯನ್ನು ಎದುರಿಗೆ ಅಟ್ಟುತ್ತಾನೆ. ಓಣಿಗೆಲ್ಲ ಕೇಳುವಂತೆ, “ಅಲ್ಲಿ ತೋರಿಸಿ. ಬಾಯಿ ಸರಿಯಿಲ್ಲ, ಸಹಿಸ್ಕೊಳ್ಳಿ” ಎನ್ನುತ್ತಾನೆ. ಅವಳಿಗೆ ಮೈಯೆಲ್ಲ ಉರಿಯುತ್ತದೆ. ಉರಿಯುತ್ತಲೇ, “ಎಲ್ಲಿ, ಕೊಡಿ ಇಲ್ಲಿ” ಎಂದು ಕೈ ಚಾಚುತ್ತಾಳೆ.